ಕೊಳದೊಳಗಿನ ನಾನೂರ ಹನ್ನೆರಡು ಮಂದಿ

"ಯಾರು ಎಲ್ಲಿ ಕ್ಯಾಮೆರಾ ಮುಂದೆ ಕೂತು ಕೆಮ್ಮಿದ್ರೂ ಸರಿ, ಕೆಮ್ಮಿದ್ದು ಯಾವ ಬೀದೀಲಿ ಅಂತ ಹೇಳ್ತೀನಿ!" ಎಂದು ದಶಾಂಶರಾಯರು ಘೋಷಿಸಿದರು. ಅಂಕಿಅಂಶದ ಕಚೇರಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಟೀ ಬಿಸಿ ಇದೆಯಾ ಎಂದು ಕೇಳಿದರೂ "ಅರವತ್ತೆರಡು ಪಾಯಿಂಟ್ ನಾಲ್ಕು ಡಿಗ್ರಿ" ಎನ್ನುವವರಿಗೆ ಬೇರೆ ಹೆಸರು ಒಪ್ಪುವುದಾದರೂ ಹೇಗೆ? ಊರಿನ ವಿಡಿಯೊ ಬ್ಲಾಗುಗಳು ಎಲ್ಲೆಲ್ಲಿಂದ ಹೊರಡುತ್ತವೆ ಎಂದು ಅಳೆಯುವ ಕೆಲಸ ಈಗ ಅವರ ಪಾಲಿಗೆ ಬಂದಿತ್ತು.

ಮನೆಗೆ ಬಂದವರೇ ಹೆಂಡತಿಗೆ, "ಮೂಲದ ಜವಾಬ್ದಾರಿ ಪೂರ್ತಿ ನಂದೇ ಕಣೇ!" ಎಂದರು.

"ಮೂಲವಾ? ಅದಕ್ಕೇ ಎರಡು ದಿನದಿಂದ ಕುರ್ಚೀಲಿ ನೆಟ್ಟಗೆ ಕೂರ್ತಿಲ್ಲ! ಡಾಕ್ಟರಿಗೆ ತೋರಿಸ್ಬಾರದಾ?"

ಮೂರು ವಾರ ಕಂಪ್ಯೂಟರು ನಕ್ಷೆಯ ಮೇಲೆ ಚುಕ್ಕೆ ಇಡುತ್ತ ಹೋಯಿತು. ಒಂದು ಚುಕ್ಕೆ ಮಾತ್ರ ಊದಿ ಊದಿ ಕುಂಬಳಕಾಯಿಯಾಯಿತು. ಎಣಿಸಿದರೆ, ಒಂದೇ ಜಾಗದಿಂದ ನಾನೂರ ಹನ್ನೆರಡು ವಿಡಿಯೊ ಬ್ಲಾಗು! ರಾಯರು ಪುಳಕಗೊಂಡು ವರದಿಯಲ್ಲಿ 'ರಹಸ್ಯ ವಿಡಿಯೊ ಕಾರ್ಖಾನೆ' ಎಂದು ಬರೆದೇಬಿಟ್ಟರು.

"ಸೋಮವಾರ ದೊಡ್ಡ ಸಭೆ," ಎಂದರು ಕಚೇರಿಯ ಮುಖ್ಯಸ್ಥೆ. "ಅಷ್ಟರೊಳಗೆ ಕಾರ್ಖಾನೆಯ ಫೋಟೊ ತನ್ನಿ. ಇಲ್ಲದಿದ್ರೆ ಹಳೇ ಫೈಲುಗಳ ಕೋಣೇಲಿ ನಿಮಗೊಂದು ಕುರ್ಚಿ ಹಾಕಿಸ್ತೀನಿ."

ಭಾನುವಾರ ಬೆಳಗ್ಗೆ ರಾಯರು ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಫೋನು ತೋರಿಸಿದ ದಾರಿ ಹಿಡಿದರು. ತಲುಪಿದ್ದು ಉದ್ಯಾನದ ಕೊಳಕ್ಕೆ. ಅದರಲ್ಲಿ ಒಂಬತ್ತು ಬಾತುಕೋಳಿ.

"ಇವೇನಾ ನಿಮ್ಮ ಬ್ಲಾಗಿನವರು?"

"ಚುಕ್ಕೆ ಇನ್ನೂ ಹನ್ನೊಂದು ಪಾಯಿಂಟ್ ಮೂರು ಮೀಟರ್ ಒಳಗಿದೆ. ನೀರಿನ ಕೆಳಗೆ ನೆಲಮಾಳಿಗೆ ಇರ್ಬೇಕು!"

ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಾಗದ ವಿಂಗಡಿಸಿದ್ದ ಆಕೆ ಫೋನು ಕಿತ್ತುಕೊಂಡು ನೋಡಿದರು. "ರೀ, ಈ ಕೊಳ ಊರಿನ ನಕ್ಷೆಯ ನಟ್ಟನಡುವೆ ಇದೆ. ಎಲ್ಲಿಯವರು ಅಂತ ತಿಳೀದವರನ್ನೆಲ್ಲ ನಿಮ್ಮ ಕಂಪ್ಯೂಟರು ಇಲ್ಲಿ ತಂದು ಸುರಿದಿದೆ. ವಿಳಾಸ ಗೊತ್ತಾಗದ ಕಾಗದಾನ ನಾವೂ ಒಂದೇ ಪೆಟ್ಟಿಗೆಗೆ ಹಾಕ್ತೀವಿ. ಹಾಗಂತ ಆ ಜನ ಪೆಟ್ಟಿಗೆಯೊಳಗೆ ಸಂಸಾರ ಮಾಡ್ತಾರಾ?"

ರಾಯರಿಗೂ ಒಳಗೊಳಗೇ ಹೌದೆನ್ನಿಸಿತು. ಆದರೆ ಹಳೇ ಫೈಲುಗಳ ಧೂಳು ನೆನೆದೇ ಸೀನು ಬಂತು. ಪ್ಯಾಂಟು ಮಡಚಿ ನೀರಿಗಿಳಿದರು. ಮೊಣಕಾಲಾಯಿತು, ಸೊಂಟವಾಯಿತು, ಎದೆಯಾಯಿತು. ಅಲ್ಲಿ ಕೆಸರು ಕಾಲು ಹಿಡಿದುಕೊಂಡಿತು. "ಒಳಗೆ ಯಾರಾದ್ರೂ ಇದ್ದೀರೇನ್ರೀ?" ಎಂದು ಅವರು ನೀರಿಗೆ ಬಾಗಿ ಕೂಗಿದ್ದೇ ತಡ, ಬಾತುಕೋಳಿಯೊಂದು ನೆತ್ತಿಯ ಮೇಲೇರಿ ಕೂತಿತು.

ವಾಯುವಿಹಾರಕ್ಕೆ ಬಂದವರೆಲ್ಲ ಫೋನು ಎತ್ತಿದರು. "ನಮಸ್ಕಾರ ಗೆಳೆಯರೇ, ಕೊಳದ ದಡದಿಂದ ನೇರವಾಗಿ..." ಎಂಬ ಮಾತು ನಾಲ್ಕೂ ಕಡೆಯಿಂದ ಕೇಳಿಬಂತು. ಹಗ್ಗ ಹಾಕಿ ಎಳೆದ ಅಗ್ನಿಶಾಮಕ ದಳದವನೂ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡೇ ಬಂದಿದ್ದ!

ಸೋಮವಾರ ರಾಯರು ತಲೆ ತಗ್ಗಿಸಿ ಸಭೆಗೆ ಹೋದರು. ಮುಖ್ಯಸ್ಥೆ ಎದ್ದು ನಿಂತು ಕೈಕುಲುಕಿದರು.

"ನಿಮ್ಮನ್ನ ಅನುಮಾನಿಸಿದ್ದು ನನ್ನ ತಪ್ಪು ರಾಯರೇ. ನಿನ್ನೆ ಒಂದೇ ದಿನ ಆ ಕೊಳದಿಂದ ನಾನೂರ ಮೂವತ್ತು ವಿಡಿಯೊ! ನಾವೆಲ್ಲ ಒಂದೂ ಬಿಡದೆ ನೋಡಿದ್ವಿ."

ರಾಯರ ತಲೆ ಮೆಲ್ಲಗೆ ಮೇಲೆದ್ದಿತು.

"ಮುಂದಿನ ತಿಂಗಳೂ ಈ ಅಂಕಿ ಇಳೀಬಾರದು," ಎಂದರು ಮುಖ್ಯಸ್ಥೆ. "ಅದಕ್ಕೇ ಪ್ರತಿ ಭಾನುವಾರ ನೀವು ಇಳೀಬೇಕು."