ಮಾಣಿಕಪ್ಪ ಕೊಟ್ಟ ಮಾತು

ಪೇಟಿ ರಿಪೇರಿ ಗುರುನಾಥನ ಕಷ್ಟಕ್ಕೆಲ್ಲ ಮೂಲ ಒಂದು ಗೋಡೆ. ಗೋಡೆಯ ಈಚೆ ಅವನ ಹಾರ್ಮೋನಿಯಂ ಅಂಗಡಿ, ಆಚೆ ನೀಲೇಶನ ಡೀಜೆ ಅಂಗಡಿ. ನಿಲಂಗಾ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡೂ ಪ್ರಯಾಗಬಾಯಿಯವರ ಕಟ್ಟಡದಲ್ಲೇ ಬಾಡಿಗೆಗಿದ್ದವು. ಮದುವೆಯ ವರಾತಕ್ಕೆ, ಅಂದರೆ ಮೆರವಣಿಗೆಗೆ, ಹೊರಡುವ ಮುನ್ನ ನೀಲೇಶ ಸ್ಪೀಕರ್ ಬಾಕ್ಸುಗಳನ್ನು ಪರೀಕ್ಷಿಸಿದನೆಂದರೆ ಗುರುನಾಥನ ಚಹದ ಕಪ್ಪು ತಾನಾಗಿಯೇ ಮೇಜಿನ ಅಂಚಿಗೆ ನಡೆದು ಬರುತ್ತಿತ್ತು.

ಹಿಂದೆ ಹೀಗಿರಲಿಲ್ಲ. ಪಕ್ಕದಲ್ಲಿ ಕಸ್ತೂರಬಾಯಿಯ ಬಳೆ ಅಂಗಡಿ ಇತ್ತು. ಬಳೆ ತೊಡಲು ಬಂದ ಹೆಣ್ಣುಮಕ್ಕಳ ನಗು, ಗಾಜಿನ ಕಿಣಿಕಿಣಿ, ಅಷ್ಟೇ ಗದ್ದಲ. ಪ್ರಯಾಗಬಾಯಿಯವರ ಯಜಮಾನರು ಮಾಣಿಕಪ್ಪ ಬದುಕಿದ್ದ ಕಾಲವದು. ಸೋಮವಾರ ಸಂಜೆ ಅವರು ಇದೇ ಅಂಗಡಿಯಲ್ಲಿ ಕೂತು ವಚನ ಹಾಡುವರು, ಗುರುನಾಥ ಪೇಟಿ ಬಾರಿಸುವನು. ಕಸ್ತೂರಬಾಯಿ ತನ್ನ ಬಳೆ ಸಪ್ಪಳವಾಗದಂತೆ ಮುಂಗೈ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳುವಳು. ಮಾಣಿಕಪ್ಪ ತೀರಿಕೊಂಡ ಮೇಲೆ ಬಳೆ ಅಂಗಡಿಯ ಜಾಗಕ್ಕೆ ಡೀಜೆ ಬಂತು.

ಒಂದು ದಿನ ಸಂಜೆ ಮುರುಮ ಊರಿನ ಕಾಶೆಪ್ಪ ತನ್ನ ಭಜನಾ ಮಂಡಳಿಯ ಪೇಟಿ ಒಯ್ಯಲು ಬರುವವನಿದ್ದ. ಕೆಲಸ ಮನಸ್ಸಿಗೆ ಬಂದರೆ ಸುತ್ತಲಿನ ಊರುಗಳ ಪೇಟಿಗಳನ್ನೆಲ್ಲ ಇಲ್ಲಿಗೇ ಕಳಿಸುವೆನೆಂದು ಮಾತು ಕೊಟ್ಟಿದ್ದ. ಈ ಗಿರಾಕಿಯೂ ಕೈಬಿಟ್ಟರೆ ಗುರುನಾಥ ಅಂಗಡಿಗೆ ಬೀಗ ಜಡಿಯುವುದೊಂದೇ ಬಾಕಿ. ಪೇಟಿಯ ಶ್ರುತಿ ಕೂಡಿಸುವುದೆಂದರೆ ಹಿತ್ತಾಳೆಯ ಸ್ವರಪಟ್ಟಿಯನ್ನು ಕೂದಲೆಳೆಯಷ್ಟು ಕೆರೆದು, ಕಿವಿಗೊಟ್ಟು ಕೇಳಿ, ಮತ್ತೆ ಕೆರೆಯುವ ಕೆಲಸ. ಗುರುನಾಥ 'ಸಾ' ಒತ್ತಿದ. ಗೋಡೆ 'ಢಬ್' ಎಂದಿತು. 'ರೀ' ಒತ್ತಿದ. ಗೋಡೆ 'ಢಬ ಢಬ' ಎಂದಿತು.

ಎದ್ದು ಪಕ್ಕದ ಅಂಗಡಿಗೆ ಹೋದ.

"ಕಾಕಾ, ಇವತ್ತ ದೇವಣಿ ಊರಾಗ ವರಾತ ಅದ. ಟೆಸ್ಟಿಂಗ ಮಾಡಲಾರದ ಒಯ್ದ್ರ ನನ್ನ ಮಾನ ಹೋಗ್ತದ" ಎಂದ ನೀಲೇಶ.

"ನಿನ್ನ ಮಾನ ಉಳಸಲಾಕ ಹೋಗಿ ನನ್ನ ಕಿವಿ ಹೋಗ್ಲತ್ತಾವಲ್ಲೋ!"

ಎದುರಿನ ಹೋಟೆಲಿನಲ್ಲಿ ಚಹ ಕುಡಿಯುತ್ತಿದ್ದ ವಕೀಲ ಉಮಾಕಾಂತ ಬಟ್ಟಲು ಹಿಡಿದುಕೊಂಡೇ, ಕರೆಯದೆಯೇ ಬಂದರು. "ಗುರುನಾಥ, ಬಾಡಿಗಿದಾರಗೂ ಹಕ್ಕ ಅದ. ಭಾಡಾ ತಗೊಂಡ ಮ್ಯಾಲ ಧಂದಾ ಮಾಡೂವಷ್ಟು ಶಾಂತಿನೂ ಮಾಲಕರು ಕೊಡಬೇಕು. ಹಂಗಂತ ಮಾತ ಆಗಿತ್ತೇನು?"

"ಮಾಣಿಕಪ್ಪಣ್ಣಾರು ಬಾಯಿಮಾತಿಲೇ ಹೇಳಿದ್ರು ರೀ."

"ಅವ್ರು ಕೈಲಾಸದಾಗ ಅದಾರ. ಅಲ್ಲಿಗಿ ಕೋರ್ಟಿನ ನೋಟೀಸ ಮುಟ್ಟಂಗಿಲ್ಲ. ಪ್ರಯಾಗಬಾಯಿಯವ್ರಿಗೇ ಹೋಗಿ ಕೇಳು."

ಪ್ರಯಾಗಬಾಯಿ ಮಹಡಿಯ ಮೇಲೆ ಇದ್ದರು. ವಯಸ್ಸಾದಂತೆ ಕಿವಿ ಪೂರಾ ಮಂದವಾಗಿತ್ತು; ಕಿವಿಗೆ ಯಂತ್ರ ಹಾಕಿಕೊಂಡರೆ ಜನ ಮುದುಕಿ ಎನ್ನುತ್ತಾರೆಂದು ಅದನ್ನು ಒಲ್ಲೆನೆಂದಿದ್ದರು. ಗುರುನಾಥ ಒಳಗೆ ಹೋದಾಗ ಕೆಳಗಿನ ಡೀಜೆಯ ಹೊಡೆತಕ್ಕೆ ಗೋಡೆಯ ಮಾಡದೊಳಗಿನ ಪಾತ್ರೆಗಳೆಲ್ಲ ಕುಣಿಯುತ್ತಿದ್ದವು.

"ನೋಡ್ರಿ ವೈನಿ, ಗದ್ದಲ!" ಎಂದು ಅವರ ಕಿವಿಯಲ್ಲಿ ಕೂಗಿದ.

"ಎಲ್ಲದ ಗದ್ದಲ? ನಾ ಒಂದ ದಿನಾನೂ ಕೇಳಿಲ್ಲ. ಇಲಿ ಭಾಳ ಆಗ್ಯಾವ ನೋಡು, ಪಾತ್ರಿ ಅಳಗಾಡಸ್ತಾವ."

"ನನ್ನ ಪೇಟಿಗಿ ಅಡ್ಡ ಬರೋ ಗದ್ದಲ ಈ ಜಾಗಾದಾಗ ಆಗಗೊಡಂಗಿಲ್ಲ ಅಂತ ಅಣ್ಣಾರು ಮಾತ ಕೊಟ್ಟಿದ್ರು ರೀ!"

ಪ್ರಯಾಗಬಾಯಿ ಮೆತ್ತಗಾದರು. "ಅವ್ರು ಹಂಗ ಅಂದಿದ್ರೇನು? ಅವ್ರ ಬಾಯಿಲೇ ಕೇಳಿದ್ರ ಇವತ್ತೇ ಆ ಹುಡುಗನ ಖಾಲಿ ಮಾಡಸ್ತೀನಿ."

ಗುರುನಾಥನ ತಲೆಯಲ್ಲಿ ದೀಪ ಹತ್ತಿತು. ಒಂದು ಸೋಮವಾರದ ಹಾಡನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದ. ಅದರ ಶುರುವಿನಲ್ಲೇ ಮಾಣಿಕಪ್ಪ ಆ ಮಾತು ಆಡಿದ್ದರು! ಮೂರನೇ ವಚನದಲ್ಲಿ ತನ್ನ ಬೆರಳು ತಪ್ಪು ಸ್ವರದ ಮನೆಗೆ ಜಾರಿದ್ದರಿಂದ ನಾಚಿ, ಅದನ್ನು ಯಾರಿಗೂ ಕೇಳಿಸದೆ ಟ್ರಂಕಿನ ತಳಕ್ಕೆ ಹಾಕಿದ್ದ. ಮನೆಗೆ ಓಡಿ ಕ್ಯಾಸೆಟ್ಟನ್ನೂ ಟೇಪನ್ನೂ ತಂದ. ಪ್ರಯಾಗಬಾಯಿಯವರನ್ನು ಕೈಹಿಡಿದು ಇಳಿಸಿಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದ. ಓಣಿಯ ಜನ ಸೇರಿದರು.

ಟೇಪು ತಿರುಗಿತು. ಪ್ರಯಾಗಬಾಯಿ ಅದಕ್ಕೆ ಕಿವಿ ಹಚ್ಚಿದರು. "ಸೊಳ್ಳಿ ಗುಂಯ್ ಅಂದಂಗ ಆಗ್ತದಪ್ಪ."

"ಕಾಕಾ, ನನ್ನ ಬಾಕ್ಸಿಗೆ ಹಚ್ಚೂಣು, ತರ್ರಿ ಇಲ್ಲಿ" ಎಂದ ನೀಲೇಶ. ತನ್ನನ್ನೇ ಓಡಿಸುವ ಸಾಕ್ಷಿಗೆ ಪಾಪದ ಹುಡುಗ ತಾನೇ ಬಾಕ್ಸುಗಳನ್ನು ಪ್ರಯಾಗಬಾಯಿಯವರ ಪಕ್ಕಕ್ಕೇ ನೂಕಿ ತಂದು ವೈರು ಜೋಡಿಸಿದ. ಗುರುನಾಥನಿಗೆ ಒಂದು ಕ್ಷಣ ಕೆಡುಕೆನಿಸಿತು, ಮರುಕ್ಷಣ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಟೇಪಿನ ಗುಂಡಿ ಒತ್ತಿದ.

ಆಳೆತ್ತರದ ಬಾಕ್ಸುಗಳಿಂದ ಮಾಣಿಕಪ್ಪ ಗುಡುಗಿದರು: "ಏ, ಗದ್ದಲ ಮಾಡಬ್ಯಾಡ್ರಿ! ನಮ್ಮ ಗುರುನಾಥ ಪೇಟಿ ಹಿಡದ ಕುಂತಾನ. ಈ ಜಾಗಾದಾಗ ಅವನ ಪೇಟಿಗಿ ಅಡ್ಡ ಬರೋ ಆವಾಜ ಆಗಬಾರದು!"

ಹಿಂದೆಯೇ ವಚನ ಶುರುವಾಯಿತು. ಪ್ರಯಾಗಬಾಯಿ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಷ್ಟೋ ವರ್ಷಗಳ ಮೇಲೆ ಗಂಡನ ದನಿ ಕಿವಿಗೆ ಬಿದ್ದಿತ್ತು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಗುರುನಾಥನೂ ಅತ್ತ. ಹಾಡಿನ ಹಿಂದೆ ಎಲ್ಲೋ ಒಂದೆರಡು ಬಳೆ ಕಿಣಿಕಿಣಿಸಿದ್ದು ಅವನಿಗಷ್ಟೇ ಕೇಳಿಸಿತು.

"ಕೇಳಿದ್ರಲ್ಲ ವೈನಿ, ಅಣ್ಣಾರ ಮಾತು?" ಎಂದು ಕಣ್ಣೊರೆಸಿಕೊಳ್ಳುತ್ತ ಅವರ ಕಿವಿಯಲ್ಲಿ ಕೂಗಿದ.

"ಕೇಳಿದೆ. ಅವ್ರ ಮಾತ ನಡಸೂದೇ. ನೀಲೇಶಾ, ನೀ ಎಲ್ಲೂ ಹೋಗಬ್ಯಾಡ. ದಿನಾ ಮುಂಜಾನಿಂದ ಸಂಜೀತನಕ ಇದನ್ನೇ ಹಚ್ಚು, ನಾ ಇಲ್ಲೇ ಕುಂತ ಕೇಳ್ತೀನಿ. ಗುರುನಾಥ, ಇದು ನಡದಾಗ ನೀ ಆ ಪೇಟಿ ಕುಂಯ್ ಅನಸಬ್ಯಾಡ."

"ವೈನಿ, ಅವ್ರು ಅಂದಿದ್ದೇ ನನ್ನ ಪೇಟಿ ಸಲುವಾಗಿ!"

"ಹೌದಪ್ಪ. ಇದರಾಗ ಬಾರಸವ ಗುರುನಾಥಗ ನೀ ಅಡ್ಡ ಬರಬ್ಯಾಡ."

ಗುರುನಾಥ ವಕೀಲರತ್ತ ನೋಡಿದ. ಉಮಾಕಾಂತರು ಚಹದ ಬಟ್ಟಲೊಳಗೆ ನೋಡಿದರು.

ಅಷ್ಟರಲ್ಲಿ ಮುರುಮದ ಬಸ್ಸಿಳಿದು ಕಾಶೆಪ್ಪ ಬಂದ. ಅವನ ಪೇಟಿ ಮೇಜಿನ ಮೇಲೆ ಇನ್ನೂ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಕಾಶೆಪ್ಪ ತಲೆದೂಗುತ್ತ ಹಾಡು ಕೇಳಿದ. ಮೂರನೇ ವಚನ ಬಂತು, ಅವನ ತಲೆ ಗಕ್ಕನೆ ನಿಂತಿತು.

"ಹಾಡವರ ಕಂಠ ಬಂಗಾರ ಅದ. ಪೇಟಿ ಬಾರಸವ ಯಾವನ್ರೀ, ಹಿಂಗ ಸ್ವರ ಕೆಡಸ್ಯಾನ?"

"ಮತ್ಯಾರು? ನಮ್ಮ ಗುರುನಾಥ ಕಾಕಾ!" ಎಂದ ನೀಲೇಶ, ಎದೆಯುಬ್ಬಿಸಿ.

ಕಾಶೆಪ್ಪ ಒಳಗೆ ಹೋಗಿ ಪೇಟಿಯ ಭಾಗಗಳನ್ನೆಲ್ಲ ಹೆಗಲ ಪಂಚೆಯಲ್ಲಿ ಕಟ್ಟಿಕೊಂಡ. "ಇರಲಿ ಬಿಡ್ರಿ. ಉದಗೀರದಾಗ ಒಬ್ಬರು ಅದಾರಂತ, ತೋರಸಿ ನೋಡ್ತೀವಿ."

ಗುರುನಾಥ ಅವನ ಹಿಂದೆ ಓಡಿ ಏನೋ ಹೇಳಲು ಬಾಯಿ ತೆರೆದ.

"ಶ್ಶ್!" ಎಂದರು ಪ್ರಯಾಗಬಾಯಿ, ತುಟಿಯ ಮೇಲೆ ಬೆರಳಿಟ್ಟು. "ಗದ್ದಲ ಮಾಡಬ್ಯಾಡ ಗುರುನಾಥ."