ಕಾಕಾನ ಒತ್ತಕ್ಷರದ ಶಾಲೆ

ನಮ್ಮ ಕಾಕಾನಿಗೆ ಈ ಭೂಮಿಯ ಮೇಲೆ ಇದ್ದದ್ದು ಒಬ್ಬನೇ ವೈರಿ. ಆನೆ! ಪಾಪ, ಆ ಆನೆಗೆ ಈ ವಿಷಯವೇ ಗೊತ್ತಿರಲಿಲ್ಲ.

ಕಾಕಾ ಶಿಗ್ಲಿಯಲ್ಲಿ ಸಣ್ಣ ಮಕ್ಕಳಿಗೆ ಮಾಸ್ತರ. ಶಾಲೆಗೆ ಕಟ್ಟಡವಿರಲಿಲ್ಲ, ನಮ್ಮ ಮನೆಯ ಪಡಸಾಲೆಯೇ ಶಾಲೆ. ಅಂಕಲಿಪಿ ತೆರೆದರೆ ಸಾಕು, ಅವನ ತಲೆ ಕೆಡುತ್ತಿತ್ತು. ಅ ಅಂದರೆ ಅರಸ, ಆ ಅಂದರೆ ಆನೆ, ಋ ಅಂದರೆ ಋಷಿ!

"ಆನಿ, ಋಷಿ ನಿಮ್ಮ ಮನಿಗೆ ಎಂದರ ಉಣ್ಣಾಕ ಬಂದಾರೇನ್ಲೇ?" ಎಂದು ಹುಡುಗರನ್ನು ಕೇಳುವನು.

"ಇಲ್ರಿ ಮಾಸ್ತರ."

"ಮತ್ತ ಅವರ ಹೆಸರು ಯಾಕ ಓದ್ತೀರಿ? ಮುಚ್ರಲೇ ಅಂಕಲಿಪಿ!"

ಮಕ್ಕಳು ದಿನಾ ಆಡುವ ಮಾತನ್ನೇ ಮೊದಲು ಓದಬೇಕು ಎಂಬುದು ಕಾಕಾನ ಹಟ. ಅವ್ವ, ಅಪ್ಪ, ಅಕ್ಕ, ರೊಟ್ಟಿ, ಬೆಲ್ಲ. ನೋಡಿ, ಎಲ್ಲದರ ಕಾಲ ಕೆಳಗೂ ಒಂದೊಂದು ಒತ್ತು! ಒತ್ತಕ್ಷರ ಕಲಿಸುವುದು ಎಲ್ಲಕ್ಕಿಂತ ಕೊನೆಗೆ ಎಂಬುದು ಇಲಾಖೆಯ ಕ್ರಮ. ಕಾಕಾ ಕೇಳಬೇಕಲ್ಲ! ಪಾಟಿಯ ಮೇಲೆ 'ರೊಟ್ಟಿ' ಎಂದು ಬರೆದು, ಪಕ್ಕದಲ್ಲೇ ಜೋಳದ ರೊಟ್ಟಿ ಇಟ್ಟ. ಓದಿದವರಿಗೆ ಒಂದು ಚೂರು. ವಾರ ತುಂಬುವಷ್ಟರಲ್ಲಿ ಇಡೀ ಶಾಲೆ ಓದತೊಡಗಿತು. ಆಮೇಲೆ 'ಬುಟ್ಟಿ' ಎಂದು ಬರೆದರೂ ರೊಟ್ಟಿ, 'ಗಟ್ಟಿ' ಎಂದು ಬರೆದರೂ ರೊಟ್ಟಿ ಎಂದೇ ಓದುವರು!

"ನಾಳಿಂದ ಉಪ್ಪು ಅಂತ ಬರದು ಕಲಸ್ರಿ," ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು. "ಅದನ್ನ ಯಾರೂ ತಿನ್ನಂಗಿಲ್ಲ."

ಮುಂಬೈ ಸರ್ಕಾರ ಹೋಗಿ ಕನ್ನಡನಾಡು ಒಂದಾದ ಹೊಸತು. ಶಾಲೆಯ ತನಿಖೆಗೆ ಸಾಹೇಬರೊಬ್ಬರು ಬಂದರು. ಕರಿಹಲಗೆಯ ತುಂಬ ಒತ್ತಕ್ಷರ ಕಂಡು ಹೌಹಾರಿದರು.

"ಏನ್ರಿ ಮಾಸ್ತರ ಇದು? ಇಷ್ಟ ಸಣ್ಣ ಮಕ್ಕಳಿಗೆ ಒತ್ತಕ್ಷರ?"

"ಇಡೀ ನಾಡನ್ನ ಕೂಡ್ಸೀರಿ, ಎರಡ ಅಕ್ಷರ ಕೂಡ್ಸಾಕ ಯಾಕ ಹೆದರ್ತೀರಿ ಸಾಹೇಬ್ರ?"

ಹುಡುಗರು ನಕ್ಕರು. ಸಾಹೇಬರು ನಗಲಿಲ್ಲ. "ಒಂದ ಕೂಸರ ಓದಿ ತೋರ್ಸಲಿ. ಇಲ್ಲಾಂದ್ರ ನಿಮ್ಮ ಮಾಸ್ತರಕಿ ಇವತ್ತಿಗೆ ಮುಗೀತು!" ಎಂದವರೇ 'ಅವ್ವ' ಎಂಬ ಪದದ ಮೇಲೆ ಕೋಲಿಟ್ಟು ಬೆರಳು ಮಾಡಿದ್ದು ಯಾರ ಕಡೆಗೆ? ನನ್ನ ಕಡೆಗೆ!

ಆ ಪದ ನನಗೆ ಬರುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಅವ್ವ ತೀರಿಕೊಂಡ ಮೇಲೆ ಕಾಕಾ ನನ್ನನ್ನು ತನ್ನ ಮನೆಗೆ ಕರೆತಂದಿದ್ದ. ಬಂದಾಗಿನಿಂದ ನನ್ನದು ಮಾತೇ ಕಡಿಮೆ. ಕಾಕುವನ್ನಂತೂ ಒಮ್ಮೆಯೂ ಬಾಯಿಬಿಟ್ಟು ಕರೆದಿರಲಿಲ್ಲ.

"ನೋಡ್ರಿ, ಬರಂಗಿಲ್ಲ," ಎಂದರು ಸಾಹೇಬರು.

ಯಾರ ಮುಂದೆಯೂ ಸೋಲದ ಕಾಕಾ ನನ್ನ ಮುಖ ನೋಡಿದ. "ಖರೆ ರೀ ಸಾಹೇಬ್ರ. ಇಕಿಗೆ ಇದು ಭಾಳ ಭಾರ ಆಗತೈತಿ," ಎಂದು ಮೆಲ್ಲಗೆ ಹೇಳಿ, ಧೋತರದ ತುದಿಯಿಂದ ಆ ಪದ ಒರೆಸಿದ. ಒತ್ತೇ ಇಲ್ಲದ ಎರಡು ಅಕ್ಷರ ಬರೆದ.

ನಾನು ದೊಡ್ಡ ದನಿಯಲ್ಲಿ ಓದಿದೆ: "ಕಾಕು!"

ಒಳಗೆ ಮಜ್ಜಿಗೆ ಕಡೆಯುವ ಸದ್ದು ನಿಂತಿತು. ಸಾಹೇಬರು ಕುಳಿತಿದ್ದಾರೆಂಬುದನ್ನೂ ಮರೆತು ಕಾಕು ಪಡಸಾಲೆಗೆ ಓಡಿ ಬಂದಳು.

"ನನ್ನ ಕರದ್ಯಾ ಕೂಸ?"

ಸಾಹೇಬರು "ಓದತೈತಿ ಬಿಡ್ರಿ," ಎಂದು ಟೋಪಿ ಹಾಕಿಕೊಂಡು ಎದ್ದರು. ನಾನು ಕಾಕುವಿನ ಸೆರಗು ಹಿಡಿದು ನಿಂತಿದ್ದೆ.