ಅರ್ಧ ಕಿಲೋಮೀಟರ್ ಎಲ್ಲಿ ಹೋಯಿತು?

ಗಂಡ: ನಾನು ಸುಳ್ಳು ಬರೆಯೋನಲ್ಲ. ಬರೀ ಡೀಸೆಲ್‌ನಲ್ಲಿ ಲೀಟರಿಗೆ ಐದು ಕಿಲೋಮೀಟರ್ ಕೊಟ್ಟ ಲಾರಿ, ನಿನ್ನ ಬೆರಕೆ ಎಣ್ಣೆಯಲ್ಲಿ ನಾಲ್ಕೂವರೆ ಕೊಟ್ಟಿದೆ. ಇದ್ದದ್ದನ್ನ ಇದ್ದ ಹಾಗೇ ಬರೀತೀನಿ.

ಭಾವಮೈದ: ಬೆರಕೆ ಅನ್ಬೇಡಿ ಭಾವ, ಮಿಶ್ರಣ ಅನ್ನಿ. ನೂರು ಲೀಟರಿನಲ್ಲಿ ಎಂಬತ್ತು ಡೀಸೆಲ್ಲೇ. ಇಪ್ಪತ್ತು ಮಾತ್ರ ಬಯೋಡೀಸೆಲ್.

ಗಂಡ: ಆ ಇಪ್ಪತ್ತು ಯಾತರದ್ದು? ಹೋಟೆಲಿನೋರು ಕರಿದು ಮಿಕ್ಕ ಎಣ್ಣೆದು. ಹೊಗೆ ವಾಸನೆಗೆ ನನ್ನ ಲಾರಿ ಹಿಂದೆ ಬರೋರಿಗೆಲ್ಲ ಹಸಿವಾಗುತ್ತಂತೆ.

ಹೆಂಡತಿ: ಮುಂದೆ ಕೂತೋರಿಗೂ ಆಗಿರಬೇಕು. ನಿನ್ನೆ ಬಂದವರೇ ಎರಡು ಸಲ ಊಟ ಮಾಡಿದ್ರಿ.

ಕಿಟಕಿಯಾಚೆ ನಿಂತಿದ್ದ ಲಾರಿ ಅಡುಗೆಮನೆಯ ಅರ್ಧ ಬೆಳಕನ್ನು ತಡೆದಿತ್ತು. ಉಳಿದ ಅರ್ಧ, ಮೇಜಿನ ಮೇಲಿನ ವರದಿಯ ಹಾಳೆಯ ಮೇಲೆ ಬಿದ್ದಿತ್ತು. ಸಂಜೆ ನಾಲ್ಕು ಗಂಟೆಯೊಳಗೆ ಅದು ಸಾಗಣೆ ಕಚೇರಿಗೆ ತಲುಪಬೇಕು. ಈ ಒಂದು ಲಾರಿಯ ಪರೀಕ್ಷೆ ನೋಡಿಕೊಂಡು ಉಳಿದ ಹನ್ನೊಂದಕ್ಕೂ ಮಿಶ್ರಣ ಹಾಕಿಸುವುದೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ. ಬೇಡವೆಂದರೆ ಮಿಶ್ರಣದ ಪಂಪು ಮುಚ್ಚುತ್ತದೆ. ವರ್ಷವಿಡೀ ಕೆಲಸವಿಲ್ಲದೆ ಕೂತಿದ್ದ ಭಾವಮೈದ ಆ ಪಂಪಿಗೆ ಸೇರಿ ಎರಡೇ ತಿಂಗಳಾಗಿತ್ತು.

ಭಾವಮೈದ: ನೂರಕ್ಕೆ ಒಂದೋ ಎರಡೋ ಕಮ್ಮಿ ಆಗುತ್ತೆ, ನಾನೇ ಒಪ್ತೀನಿ. ಹತ್ತು ಹೇಗೆ ಕಮ್ಮಿ ಆಗುತ್ತೆ? ಫಿಲ್ಟರ್ ನೋಡಿದ್ರಾ?

ಗಂಡ: ಹೊಸದು ಹಾಕ್ಸಿದೀನಿ. ಟ್ಯಾಂಕಲ್ಲಿ ಎಷ್ಟೋ ವರ್ಷದಿಂದ ಕೂತಿದ್ದ ಕೊಳೆನೆಲ್ಲ ಕಿತ್ತು ತಂದಿತ್ತು ನಿನ್ನ ಎಣ್ಣೆ.

ಹೆಂಡತಿ: ಹಂಗಾದ್ರೆ ಒಂದು ಲೀಟರ್ ನನಗೂ ತಂದ್ಕೊಡೋ, ಬಚ್ಚಲಿಗೆ ಬೇಕು.

ಭಾವಮೈದ: ಅಕ್ಕ, ನನ್ನ ಕೆಲಸ ಹೋಗೋ ಹಾಗಿದೆ, ನಿನಗೆ ಬಚ್ಚಲು. ಭಾವ, ಟೈರಿನ ಗಾಳಿ?

ಗಂಡ: ಹೋದ ಸಲದಷ್ಟೇ.

ಭಾವಮೈದ: ಲೋಡು?

ಗಂಡ: ಎರಡು ಸಲಾನೂ ಹೆಂಚು. ಅದೇ ತೂಕ, ಅದೇ ರಸ್ತೆ. ಎಕ್ಸಲರೇಟರ್ ಮೇಲೆ ಹದಿನೆಂಟು ವರ್ಷದಿಂದ ಇದೇ ಬಲಗಾಲು. ನನ್ನ ಕಾಲು ಬದಲಾಗಲ್ಲಪ್ಪ, ಬದಲಾಗಿದ್ದು ಎಣ್ಣೆ.

ಭಾವಮೈದ ಉಸಿರುಬಿಟ್ಟು ಎರಡು ಟ್ರಿಪ್ಪಿನ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟ. ಒಂದರಲ್ಲಿ ಅಂಕಿಗಳು ಜಲ್ಲಿ ರಸ್ತೆಯಲ್ಲಿ ಕೂತು ಬರೆದಂತಿದ್ದವು. ಇನ್ನೊಂದರಲ್ಲಿ ದುಂಡಗೆ, ಸಾಲು ತಪ್ಪದೆ ಕೂತಿದ್ದವು.

ಭಾವಮೈದ: ಇದು ಅಕ್ಕನ ಅಕ್ಷರ ಅಲ್ವಾ?

ಗಂಡ: ಹೂಂ. ಬರೀ ಡೀಸೆಲ್ ಹಾಕಿದ್ದ ಟ್ರಿಪ್ಪು. ಆವತ್ತು ನಿಮ್ಮ ದೊಡ್ಡಕ್ಕನ ಮನೆಗೆ ಹೋಗ್ಬೇಕು ಅಂತ ಇವಳೂ ಬಂದಿದ್ದಳು.

ಭಾವಮೈದ: ಅಕ್ಕ, ದಾರಿಯಲ್ಲಿ ಏನು ಮಾಡ್ತಿದ್ದೆ?

ಹೆಂಡತಿ: ನಾನೇನು ಮಾಡ್ಲಿ? ಸ್ಪೀಡು ಐವತ್ತು ದಾಟಿದಾಗೆಲ್ಲ ಕೆಮ್ತಿದ್ದೆ.

ಗಂಡ: ಏನು? ಬೇಕಂತ ಕೆಮ್ಮಿದ್ದಾ?

ಹೆಂಡತಿ: ನಿಧಾನ ಹೋಗಿ ಅಂದ್ರೆ 'ನೀನೇ ಓಡಿಸು ಬಾ' ಅಂತೀರಿ. ಕೆಮ್ಮಿದ್ರೆ ಏನೂ ಅನ್ನಲ್ಲ.

ಗಂಡ: ಕಿಟಕಿ ಗಾಳಿ ನಿನಗೆ ಆಗ್ತಿಲ್ಲ ಅಂದ್ಕೊಂಡು ನಾನು ಸ್ಪೀಡು ಇಳಿಸ್ತಿದ್ದೆ ಕಣೇ! ಔಷಧಿ ಅಂಗಡಿ ಮುಂದೆ ನಿಲ್ಲಿಸಿ ಮಾತ್ರೆ ಬೇರೆ ತಂದೆ.

ಹೆಂಡತಿ: ತಂದ್ರಿ. ಚೀಪಿದೆ. ಚೆನ್ನಾಗಿತ್ತು.

ಹಾಗೆಂದವಳು ಒರೆಸಿದ್ದ ಲೋಟವನ್ನೇ ಇನ್ನೊಮ್ಮೆ ಒರೆಸಿದಳು.

ಭಾವಮೈದ: ಈ ಸಲ ಒಬ್ಬರೇ ಹೋದ್ರಲ್ಲ, ಎಷ್ಟರಲ್ಲಿ ಓಡಿಸಿದ್ರಿ?

ಗಂಡ: ಎಪ್ಪತ್ತು. ರಸ್ತೆ ಖಾಲಿ ಇದ್ದ ಕಡೆ... ಎಂಬತ್ತು.

ಭಾವಮೈದ: ಎಲ್ಲಿಗೆ ಅಷ್ಟು ಆತುರ?

ಗಂಡ: ಎಲ್ಲಿಗೆ ಅಂದ್ರೆ? ಮನೆಗೆ.

ಗಂಡ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಗಂಡ: ಇದಕ್ಕೆ ಸಹಿ ಹಾಕೋಕಾಗಲ್ಲ. ಹೋದ ಅರ್ಧ ಕಿಲೋಮೀಟರಿನಲ್ಲಿ ಎಣ್ಣೆ ತಿಂದದ್ದೆಷ್ಟೋ, ನನ್ನ ಕಾಲು ತಿಂದದ್ದೆಷ್ಟೋ. ಇನ್ನೊಂದು ಟ್ರಿಪ್ ಆಗೋವರೆಗೆ ತೀರ್ಮಾನ ಬೇಡ ಅಂತ ಬರೀತೀನಿ.

ಭಾವಮೈದ: ಬರೀರಿ ಭಾವ. ಆದ್ರೆ ಎರಡು ಸಲಾನೂ ಎಲ್ಲ ಒಂದೇ ಥರ ಇರಬೇಕು ಅಂತ ಹಾಳೆ ಮೇಲೇ ಅಚ್ಚಾಗಿದೆ.

ಗಂಡ: ಸರಿ, ಇವಳನ್ನೂ ಕರ್ಕೊಂಡು ಹೋಗ್ತೀನಿ. ಯಾವಾಗ ಹೊರಡ್ತೀಯೇ?

ಹೆಂಡತಿ: ಬ್ಯಾಗು ಬಾಗಿಲ ಹತ್ರಾನೇ ಇದೆ.

ಗಂಡ: ಯಾವಾಗ ಇಟ್ಟೆ?

ಹೆಂಡತಿ: ನೀವು ನಾಲ್ಕೂವರೆ ಅಂದಾಗಲೇ.

ಗಂಡ: ಅಂದ್ರೆ ನಿನಗೆ ಮೊದಲೇ ಗೊತ್ತಿತ್ತು! ಆಯ್ತು ಬಾ. ಆದ್ರೆ ಈ ಸಲ ಕೆಮ್ಮೋ ಹಾಗಿಲ್ಲ.

ಭಾವಮೈದ: ಅಯ್ಯೋ, ಕೆಮ್ಮಲೇಬೇಕು ಭಾವ. ಹೋದ ಸಲದ ಹಾಗೇ ಇರಬೇಕಲ್ಲ.

ಹೆಂಡತಿ ಗಂಟಲು ಸರಿಮಾಡಿಕೊಂಡು ಸಣ್ಣದಾಗಿ ಒಮ್ಮೆ ಕೆಮ್ಮಿ ನೋಡಿದಳು. ಲಾರಿ ಹೊರಗೆ ನಿಂತಲ್ಲೇ ನಿಂತಿತ್ತು. ಮೇಜಿನ ಕೆಳಗೆ ಗಂಡನ ಬಲಗಾಲು ಮಾತ್ರ ನೆಲ ಬಿಟ್ಟು ಮೆಲ್ಲಗೆ ಮೇಲೆದ್ದಿತು.